ಕಂಬಳಿ ಮೂಲೆಗೆ ಸರಿಹೋದ ನಾಯಿ

ಲೋಕ ಆಗಷ್ಟೇ ಹೊಸದು. ಎಷ್ಟು ಹೊಸದು ಅಂದರೆ, ಗುಡ್ಡಗಳು ಎಲ್ಲಿ ಕೂರಬೇಕು ಅಂತ ಇನ್ನೂ ಜಗಳಾಡುತ್ತಿದ್ದವು. ಇಳಿಜಾರು ಯಾವ ಕಡೆ ಅಂತ ತಿಳಿಯದೆ ಹಳ್ಳಗಳು ಅರ್ಧ ದಾರಿ ಹೋಗಿ ವಾಪಸು ಬರುತ್ತಿದ್ದವು. ಜಾಲಿಮರಕ್ಕೆ ಮುಳ್ಳು ಹೊಸದಾಗಿ ಬಂದಿತ್ತು. ಹೊಸ ಬಳೆ ತೊಟ್ಟವರ ಹಾಗೆ ಬಂದವರಿಗೆಲ್ಲ ಚುಚ್ಚಿ ತೋರಿಸುತ್ತಿತ್ತು.

ಆ ಕಾಲದಲ್ಲಿ ನಾಯಿಗಳಿಗೆ ಅಳತೆ ಅಂತ ಒಂದು ಇರಲಿಲ್ಲ. ಬೇಕಾದರೆ ಬೆಳೆಯಬಹುದಿತ್ತು, ಬೇಡವಾದರೆ ಬಿಡಬಹುದಿತ್ತು. ಗುಡ್ಡದಷ್ಟು ನಾಯಿ ಇತ್ತು. ಸಾಸಿವೆಯಷ್ಟು ನಾಯಿ ಇತ್ತು. ತಲೆ ಹಳ್ಳದ ಈ ದಂಡೆಗೆ ಬಂದರೂ ಬಾಲ ಆ ದಂಡೆ ಬಿಡದ ಉದ್ದದ ನಾಯಿಯೂ ಇತ್ತು. ಆದರೆ ಮಲಗುವುದು ಮಾತ್ರ ಎಲ್ಲಕ್ಕೂ ಒಂದೇ ಥರ: ನಿದ್ದೆ ಬಂತೋ, ನಿಂತಲ್ಲೇ ಧೊಪ್ಪನೆ ಬಿದ್ದುಬಿಡುವುದು.

ಇದೆಲ್ಲ ಖರೆ. ಅನುಮಾನ ಇದ್ದವರು ಯಾವುದಾದರೂ ಮುದಿ ಟಗರನ್ನು ಕೇಳಿ. ಟಗರು ‘ಸುಳ್ಳು’ ಅಂತ ಬಾಯಿಬಿಟ್ಟು ಹೇಳಿದರೆ ಕತೆ ಇಲ್ಲಿಗೇ ನಿಲ್ಲಿಸಿಬಿಡೋಣ.

ಹೇಳಲಿಲ್ಲವಷ್ಟೆ? ಹಾಗಾದರೆ ಮುಂದೆ ಕೇಳಿ.

ಆ ಹೊಸ ಲೋಕದ ಒಂದು ಬಯಲಿನಲ್ಲಿ ಮಾಳವ್ವ ಅಂತ ಒಬ್ಬ ಕುರಿಗಾರ್ತಿ ಇದ್ದಳು. ಅವಳ ಗಂಡ ಅಮೋಗಿ. ಇಬ್ಬರಿಗೂ ಸೇರಿ ಒಂದು ಗುಡಿಸಲು, ಜಾಲಿಮುಳ್ಳು ಕಡಿದು ಹಾಕಿದ ಒಂದು ಕುರಿದೊಡ್ಡಿ, ಅದರ ತುಂಬ ಕುರಿ. ಮಾಳವ್ವನ ಕೈ ಚುರುಕು, ನಾಲಗೆ ಕೈಗಿಂತ ಚುರುಕು. ಅಮೋಗಿಗೆ ಎರಡೂ ನಿಧಾನ. ಕುರಿಯ ಉಣ್ಣೆ ಕತ್ತರಿಸಿ, ನೂಲು ತೆಗೆದು, ಗುಂಡಿ ಮಗ್ಗದ ಮುಂದೆ ಕೂತು ಏನನ್ನೋ ನೇಯುತ್ತಿದ್ದ. ಏನದು ಅಂತ ಕೇಳಿದರೆ, ‘ಮುಗಿದ ಮ್ಯಾಲ ಗೊತ್ತಾಗತೈತಿ’ ಅನ್ನುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ.

ಮಾಳವ್ವನಿಗೆ ಇದ್ದದ್ದು ಒಂದೇ ಚಿಂತೆ. ಅದರ ಹೆಸರು ತೋಳ.

ಈ ತೋಳ ಬಹಳ ಮರ್ಯಾದಸ್ಥ. ಕದ್ದು ಮುಚ್ಚಿ ಬರುವುದೇ ಇಲ್ಲ. ಹೊತ್ತು ಮುಳುಗುವಾಗ ದೊಡ್ಡಿಯ ಮುಂದೆ ಬಂದು, ಬಾಲ ಒತ್ತಟ್ಟಿಗೆ ಇಟ್ಟುಕೊಂಡು ಕೂತು ಕೇಳುವುದು:

“ಯಕ್ಕಾ, ಊಟ ಆತೇನ್ರಿ?”

“ಆತಪಾ,” ಅನ್ನುವಳು ಮಾಳವ್ವ. ಊಟ ಆಯಿತಾ ಅಂತ ಕೇಳಿದವರನ್ನು ತಿರುಗಿ ಕೇಳದೆ ಬಿಡುವುದುಂಟೆ? ಕುರಿಗಾರರ ಮನೆಯಲ್ಲಿ ಅಂಥ ಪದ್ಧತಿ ಇಲ್ಲ. “ನಿಂದಾತೇನು?”

“ಇಲ್ರಿ ಇನ್ನ,” ಅಂತ ತೋಳ ತಲೆ ತಗ್ಗಿಸುವುದು. ತಗ್ಗಿಸಿದ ತಲೆಯನ್ನು ಹಾಗೇ ದೊಡ್ಡಿಯೊಳಗೆ ತೂರಿಸಿ ಒಂದು ಮರಿ ಕಚ್ಚಿಕೊಂಡು ಹೋಗುವುದು.

“ಅದನ್ನ ತಿರುಗಿ ಕೇಳಬ್ಯಾಡಲೇ!” ಅಂತ ಅಮೋಗಿ ಬೈಯುತ್ತಿದ್ದ.

“ಕೇಳಬಾರದು ಅಂತೀನಿ ರೀ, ಬಾಯಿ ಕೇಳಿಬಿಡತೈತಿ,” ಅನ್ನುವಳು ಮಾಳವ್ವ. ಒಂದು ಸಂಜೆ ಬಾಯಿಗೆ ಸೆರಗು ತುರುಕಿಕೊಂಡು ಕೂತಳು. ತೋಳ ಕೇಳಿತು. ಮಾಳವ್ವ ಸೆರಗು ಉಗುಳಿ, “ನಿಂದಾತೇನು?” ಅಂದೇಬಿಟ್ಟಳು. ಮರ್ಯಾದೆ ಅನ್ನುವುದು ಕೆಮ್ಮಿನ ಹಾಗೆ, ತಡೆದಷ್ಟೂ ಜೋರು.

ಹೀಗೆ ಮರಿಗಳು ಕರಗುತ್ತಾ ಬಂದವು. ಅವುಗಳಲ್ಲಿ ಒಂದು ತಬ್ಬಲಿ ಮರಿ ಇತ್ತು, ಒಂದು ಕಿವಿ ಮಾತ್ರ ಕಪ್ಪು. ಹೆಸರು ಕರಿಕಿವಿ. ಮಾಳವ್ವ ಅದಕ್ಕೆ ತನ್ನ ಬೆರಳಲ್ಲಿ ಹಾಲು ಅದ್ದಿ ಅದ್ದಿ ಚೀಪಿಸಿ ಬೆಳೆಸಿದ್ದಳು. ಅದು ಅವಳನ್ನೇ ತಾಯಿ ಅಂದುಕೊಂಡು, ಅವಳಿಗೆ ಉಣ್ಣೆ ಯಾಕಿಲ್ಲ ಅಂತ ಮರುಗುತ್ತಿತ್ತು.

ಒಂದು ಸಂಜೆ ತೋಳ ಹೋಗುವಾಗ ತಿರುಗಿ ನಿಂತಿತು.

“ಯಕ್ಕಾ, ಆ ಕರಿಕಿವೀದು ಇನ್ನೊಂಚೂರು ಮೈ ಹಿಡೀಲಿ ಅಂತ ಬಿಟ್ಟೀನ್ರಿ. ಚಲೋ ಸಾಕೀರಿ. ನಿಮ್ಮ ಕೈಗುಣ ಬಾಳ ಚಲೋ ಐತಿ.”

ಮಾಳವ್ವ ತಡಮಾಡಲಿಲ್ಲ. ಬೆಳಗಾದದ್ದೇ ಬಯಲಿಗೆ ಬಂದು ಗಾಳಿಯನ್ನು ಕೂಗಿದಳು.

“ಏ ಗಾಳೀ, ಒಂದ್ನಿಮಿಷ ನಿಲ್ಲಪಾ. ಕಾವಲಿಗೆ ಒಂದು ನಾಯಿ ಬೇಕಾಗೈತಿ. ಹೊಟ್ಟಿಗೆ ರೊಟ್ಟಿ, ಮಲಗಾಕ ಜಾಗ. ಎಲ್ಲಾರಿಗೂ ಹೇಳಿ ಬಾ.”

ಗಾಳಿಗೆ ಇಂಥ ಕೆಲಸ ಅಂದರೆ ಪ್ರಾಣ. ಹೋಗಿ ಹೇಳಿತು. ಹೇಳುವಾಗ ಒಂದಕ್ಕೆರಡು ಸೇರಿಸಿ, ರೊಟ್ಟಿಯ ಜೊತೆ ಬೆಣ್ಣೆ ಅಂತಲೂ ಹೇಳಿತು. ಲೋಕದ ನಾಯಿಗಳೆಲ್ಲ ಎದ್ದು ಹೊರಟವು.

“ತಗೊಂಡ್ರ ದೊಡ್ಡದ ತಗೋ,” ಅಂದ ಅಮೋಗಿ, ಮಗ್ಗದಿಂದ ತಲೆ ಎತ್ತದೆ. “ನಾಕು ಮಂದಿಯೊಳಗ ಮರ್ಯಾದಿ ಬರ್ತೈತಿ.”

“ನಾಕು ಮಂದಿ ಎಲ್ಲಿ ಅದಾರ್ರೀ? ಇನ್ನ ಊರ ಹುಟ್ಟಿಲ್ಲ.”

“ಹುಟ್ಟಿದ ಮ್ಯಾಲ ಬರ್ತೈತಿ ತಗೋ.”

ಸರಿ, ಮೊದಲು ದೊಡ್ಡದೇ ಬಂತು. ಅದರ ಹೆಸರು ಗುಡ್ಡಯ್ಯ. ಅದು ಬರುವಾಗ ಮಾಳವ್ವ ಮೋಡ ಅಂದುಕೊಂಡು ಒಣಗಲು ಹಾಕಿದ್ದ ಸೆಗಣಿ ಕುಳ್ಳು ಒಳಗೆ ಎತ್ತಿಟ್ಟಳು. ಮೋಡ ಬಂದು ಅವಳ ಮುಂದೆ ಕೂತು, “ಯವ್ವಾ, ನಮಸ್ಕಾರ,” ಅಂದಿತು. ಆ ನಮಸ್ಕಾರಕ್ಕೆ ಗುಡಿಸಲಿನ ಹುಲ್ಲು ಹಾರಿಹೋಯಿತು.

“ಮೊದಲ ರೊಟ್ಟಿ ತಿನ್ನಪಾ,” ಅಂದಳು ಮಾಳವ್ವ.

ಗುಡ್ಡಯ್ಯ ರೊಟ್ಟಿ ತಿಂದ. ಬುಟ್ಟಿ ತಿಂದ. ತಟ್ಟಿ ಇಟ್ಟ ಹಿಟ್ಟು ತಿಂದ. ಹಂಚನ್ನು ನೆಕ್ಕಿ ನೆಕ್ಕಿ ಕನ್ನಡಿ ಮಾಡಿದ. ಆಮೇಲೆ ಬೀಸುಕಲ್ಲಿನ ಕಡೆ ನೋಡಿ, “ಅದೇನ್ರಿ ಯವ್ವಾ, ರುಚಿ ಐತೇನು?” ಅಂದ.

ಸಾಕುವುದು ಕಷ್ಟ, ಆದರೂ ಕಾಯುತ್ತಾನಲ್ಲ ಅಂತ ಮಾಳವ್ವ ಬಾಯಿಮುಚ್ಚಿಕೊಂಡಳು. ಸಂಜೆ ಗುಡ್ಡಯ್ಯ ದೊಡ್ಡಿಯ ಮುಂದೆ ನಿಂತ. ತೋಳ ಬಂತು. ನಾಯಿ ನೋಡಿ ಗಾಬರಿಯಾಗಿ ಹಿಂದೆ ಸರಿಯಿತು. ಮತ್ತೆ ಮೇಲೆ ಕೆಳಗೆ ನೋಡಿತು. ಆಮೇಲೆ ಸಾವಕಾಶ ಗುಡ್ಡಯ್ಯನ ಹೊಟ್ಟೆಯ ಕೆಳಗೆ ಹೋಗಿ ನೆರಳಲ್ಲಿ ಕೂತಿತು.

“ಯಕ್ಕಾ, ಊಟ ಆತೇನ್ರಿ?”

“ತೋಳ! ಎಲ್ಲೈತಿ ತೋಳ?” ಅಂತ ಗುಡ್ಡಯ್ಯ ಆಕಾಶ ನೋಡಿದ, ಬಯಲು ನೋಡಿದ, ಅಮೋಗಿಯನ್ನೂ ಅನುಮಾನದಿಂದ ನೋಡಿದ. ಪಾಪ, ತನ್ನ ಹೊಟ್ಟೆಯ ಕೆಳಗೆ ನೋಡಿಕೊಳ್ಳುವುದು ಯಾವ ದೊಡ್ಡವರಿಗೂ ಆಗುವುದಿಲ್ಲ. ಅವಸರಕ್ಕೆ ತಿರುಗಿದಾಗ ಬಾಲ ಬಡಿದು ದೊಡ್ಡಿಯ ಬೇಲಿ ಹಾರಿ ಹಳ್ಳಕ್ಕೆ ಬಿತ್ತು. ಬೇಲಿ ಇಲ್ಲದ ದೊಡ್ಡಿಯಿಂದ ತೋಳ ತನಗೆ ಬೇಕಾದ ಮರಿ ಆರಿಸಿಕೊಂಡು, ಹೋಗುವಾಗ ಗುಡ್ಡಯ್ಯನಿಗೂ ನಮಸ್ಕಾರ ಹೇಳಿ ಹೋಯಿತು.

ಮಾಳವ್ವ ರಾತ್ರಿಯಿಡೀ ಕರಿಕಿವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬೆಳಿಗ್ಗೆ ಗುಡ್ಡಯ್ಯನಿಗೆ ದಾರಿ ತೋರಿಸಿದಳು.

ಹಳ್ಳ ಇದನ್ನೆಲ್ಲ ನೋಡುತ್ತಿತ್ತು. ಅವತ್ತು ಈ ಕಡೆ ಹರಿಯುತ್ತಿತ್ತು ಅಂತ ಕಾಣುತ್ತದೆ. “ತಂಗೀ,” ಅಂದಿತು, “ಸಣ್ಣದ ತಗೋ. ತಿನ್ನೂದು ಕಮ್ಮಿ. ಬಾಯಿ ಮಾತ್ರ ಜೋರು ಇರ್ತೈತಿ, ನನ್ನ ನೋಡು.”

ಸಣ್ಣದು ಬಂತು. ಹೆಸರು ಸಾಸಿವ್ಯಾ. ಒಂದು ಜೋಳದ ಕಾಳು ಕೊಟ್ಟರೆ ಅರ್ಧ ತಿಂದು ಅರ್ಧ ನಾಳೆಗೆ ಇಟ್ಟುಕೊಂಡ. ಬೊಗಳಿದರೆ ಕಿವಿ ಗುಯ್ ಅನ್ನಬೇಕು. “ತೋಳ ಎಲ್ಲಿ? ತೋರಿಸ್ರಿ! ಹರದು ಹಾಕ್ತೀನಿ!” ಅನ್ನುತ್ತಾ ದೊಡ್ಡಿಗೆ ನುಗ್ಗಿದ. ನುಗ್ಗಿದವನು ಮುದಿ ಟಗರಿನ ಉಣ್ಣೆಯೊಳಗೆ ದಾರಿ ತಪ್ಪಿದ. ಸಂಜೆ ತೋಳ ಬಂದು ಊಟ ವಿಚಾರಿಸುವಾಗ ಟಗರಿನ ಬೆನ್ನಿನಿಂದ, “ಯಾವನಲೇ ಅವಾ? ಬರ್ತೀನಿ ತಡಿ! ಎಲ್ಲೈತಿ ದಾರಿ?” ಅಂತ ಕೂಗು ಕೇಳುತ್ತಿತ್ತು. ಟಗರು ಕೆರೆದುಕೊಂಡಿತು, ಅಷ್ಟೆ. ಮರಿ ಹೋಯಿತು. ಸಾಸಿವ್ಯಾ ಸಿಕ್ಕಿದ್ದು ಮುಂದಿನ ಉಣ್ಣೆ ಕತ್ತರಿಸುವ ಕಾಲಕ್ಕೆ. ಆಗಲೂ ಬೈಯುತ್ತಲೇ ಇದ್ದ.

ಇನ್ನು ಗಿಡ್ಡ ಕಾಲಿನ ಉದ್ದ ನಾಯಿ ಬಂದು ಎರೆಮಣ್ಣಿನ ಕೆಸರಲ್ಲಿ ಹೊಟ್ಟೆ ಊರಿ ನೇಗಿಲಿನ ಹಾಗೆ ಸಾಲು ಬಿಟ್ಟದ್ದು, ಮೈತುಂಬ ಕೂದಲಿನ ಚೆಂದದ ನಾಯಿಯನ್ನು ಅಮೋಗಿ ಕುರಿ ಅಂದುಕೊಂಡು ಕತ್ತರಿಸಿಬಿಟ್ಟದ್ದು, ಅದು ನಾಚಿಕೊಂಡು ಜಾಲಿಗಿಡದ ಹಿಂದೆ ಕೂತು, “ನನ್ನ ಕೂದಲಾ ಕೊಡ್ರಿ,” ಅಂತ ಅತ್ತದ್ದು, ಇದನ್ನೆಲ್ಲ ಹೇಳುತ್ತ ಕೂತರೆ ಅನ್ನ ಆರುತ್ತದೆ. ಬಂದವು, ಹೋದವು. ದೊಡ್ಡಿಯಲ್ಲಿ ಮರಿ ಅಂತ ಉಳಿದದ್ದು ಕರಿಕಿವಿ ಒಂದೇ.

“ಇನ್ನ ಬರಾಬ್ಬರಿ ಮೈ ಹಿಡದೈತ್ರಿ ಯಕ್ಕಾ,” ಅಂತ ತೋಳ ದೂರದಿಂದಲೇ ಮೆಚ್ಚುಗೆ ಹೇಳಿ ಹೋಯಿತು.

ಅದೇ ದಿನ ಅಮೋಗಿಯ ನೇಯ್ಗೆ ಮುಗಿಯಿತು. ಲೋಕದ ಮೊಟ್ಟಮೊದಲ ಕಂಬಳಿ! ಹುಣಸೆಬೀಜ ಬೇಯಿಸಿ ಅರೆದು ಅದರ ಅಂಟು ಸರಿ ಬಳಿದು ಒಣಗಿಸಿದ್ದ. ಕಂಬಳಿ ಎಷ್ಟು ಗಡುಸಾಗಿತ್ತು ಅಂದರೆ ಗುಡಿಸಲಿಗೆ ಒರಗಿಸಿದರೆ ಬಾಗಿಲಿನ ಹಾಗೆ ನಿಂತುಕೊಂಡಿತು. ಅಮೋಗಿ ಅದನ್ನು ಒಮ್ಮೆ ಬಡಿದು, ಒಳಗಿಂದ ಯಾರಾದರೂ ಓ ಅನ್ನುತ್ತಾರಾ ಅಂತ ಕಾದ.

ಮಾಳವ್ವ ಅದನ್ನು ನೆಲಕ್ಕೆ ಹಾಸಿದಳು. ತಾನು ಮಲಗಿ ನೋಡಿದಳು. ಅಮೋಗಿಯನ್ನು ಮಲಗಿಸಿ ನೋಡಿದಳು. ಬಾಗಿಲ ಕಡೆ ಒಂದು ಮೂಲೆ ಉಳಿಯಿತು. ಆ ಮೂಲೆ ನೋಡುತ್ತಲೇ ಅವಳಿಗೆ ಬುದ್ಧಿ ಹೊಳೆಯಿತು.

“ಅವರಿವರ ಮಾತ ಕೇಳಿ ಕೆಟ್ಟೆ ನಾನು,” ಅಂದಳು. “ನಾಯಿ ಅಳತಿ ನಿಮಗೇನ ಗೊತ್ತು, ಹಳ್ಳಕ್ಕೇನ ಗೊತ್ತು? ಈ ಮೂಲ್ಯಾಗ ಹಿಡಿಸದಷ್ಟು ದೊಡ್ಡದನ್ನ ಸಾಕಾಕ ನಮ್ಮ ಕಡೆ ಆಗಂಗಿಲ್ಲ. ಈ ಮಡಿಕ್ಯಾಗ ಕಳದುಹೋಗುವಷ್ಟು ಸಣ್ಣದು ನಮ್ಮನ್ನ ಕಾಯಂಗಿಲ್ಲ. ಹಾಸಿಗಿ ಇದ್ದಷ್ಟ ಕಾಲು ಚಾಚೂ ನಾಯಿ ಬೇಕು ನನಗ.”

ಈ ಗಾದೆಯನ್ನು ಈಗ ಮನುಷ್ಯರಿಗೆ ಹೇಳುತ್ತಾರೆ. ಮೊದಲು ಹೇಳಿದ್ದು ನಾಯಿಗೆ.

ಆಮೇಲೆ ಮಾಳವ್ವ ಕಂಬಳಿ ಮುಟ್ಟಿ ಮಾತು ಹೇಳಿದಳು. ಅವತ್ತಿನಿಂದ ಕಂಬಳಿ ಮುಟ್ಟಿ ಆಡಿದ ಮಾತನ್ನು ಕುರಿಗಾರರು ತಪ್ಪುವುದಿಲ್ಲ. “ಈ ಮೂಲಿಗೆ ಹಿಡಿಸಿದ್ದು ನಮ್ಮ ನಾಯಿ. ಹಿಡಿಸದ್ದು ನಮ್ಮದಲ್ಲ.”

ಇನ್ನೂ ಸರದಿ ಕಾಯುತ್ತಿದ್ದ ನಾಯಿಗಳ ಗುಂಪಿನ ಹಿಂದೆ ಒಂದು ಕೆಂದು ಬಣ್ಣದ ನಾಯಿ ಕೂತಿತ್ತು. ದೊಡ್ಡದಲ್ಲ, ಸಣ್ಣದಲ್ಲ. ನೋಡಿದವರು ಮರುಗಳಿಗೆಯೇ ಮರೆಯುವಂಥ ನಾಯಿ. ಮೊದಲ ದಿನದಿಂದಲೂ ಅಲ್ಲೇ ಇತ್ತು, ಯಾರೂ ನೋಡಿರಲಿಲ್ಲ.

“ನೀ ಯಾಕ ಬಂದೀಯೋ?” ಅಂದಳು ಮಾಳವ್ವ.

“ಎಲ್ಲಾರೂ ಹೊಂಟಿದ್ರು, ನಾನೂ ಬಂದೆ ಯವ್ವಾ. ಬೆಣ್ಣಿ ಐತಿ ಅಂದಿತ್ತು ಗಾಳಿ.”

“ಬೆಣ್ಣಿ ಇಲ್ಲ.”

“ಹೋಗಲಿ ಬಿಡ್ರಿ. ರೊಟ್ಟಿ ಐತೆಲ್ಲ.”

ಆ ನಾಯಿ ಬಂದು ಮೂಲೆಯ ಮೇಲೆ ಧೊಪ್ಪನೆ ಬಿತ್ತು. ಕಾಲು ಚಾಚಿತು. ಮೂಗಿನಿಂದ ಬಾಲದವರೆಗೆ ಮೂಲೆಗೆ ಸರಿಯಾಗಿ ಹಿಡಿಸಿತು. ಒಂದು ಕೂದಲು ಹೊರಗಿಲ್ಲ, ಒಂದು ಬೆರಳು ಜಾಗ ಖಾಲಿ ಇಲ್ಲ. ಮಾಳವ್ವ ಅದಕ್ಕೆ ಕೆಂಚ ಅಂತ ಹೆಸರಿಟ್ಟಳು.

ಸಂಜೆ ತೋಳ ಬಂತು. ಕೆಂಚ ಅದರ ಹಿಂದಿನ ಕಾಲಿಗೆ ಬಾಯಿ ಹಾಕಿದ. ದೊಡ್ಡ ನಾಯಿಯ ಹೊಟ್ಟೆಯ ಕೆಳಗೆ ನುಗ್ಗಬಹುದು, ಸಣ್ಣ ನಾಯಿಯ ಮೇಲೆ ದಾಟಬಹುದು. ತನ್ನಷ್ಟೇ ಎತ್ತರದವನ ಕೂಡ ಏನು ಮಾಡುವುದು? ತೋಳ ಊಟದ ವಿಚಾರ ಅರ್ಧಕ್ಕೇ ಬಿಟ್ಟು ಓಡಿತು. ಕರಿಕಿವಿ ಉಳಿಯಿತು. ಕೆಲವು ಕುರಿಗಳು ಈದು, ದೊಡ್ಡಿಯಲ್ಲಿ ಮತ್ತೆ ಮರಿಗಳ ಸದ್ದಾಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಳೆ ಬಂತು.

ಮಾಳವ್ವ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಕುರಿ ಹೊಡೆದುಕೊಂಡು ಬಂದಳು. ಕಂಬಳಿ ಚೆನ್ನಾಗಿ ನೆಂದಿತು. ಮರುದಿನ ಬಿಸಿಲಿಗೆ ಹಾಕಿದಳು. ಚೆನ್ನಾಗಿ ಒಣಗಿತು. ಸಂಜೆ ಹಾಸಿ ನೋಡುತ್ತಾಳೆ, ಕಂಬಳಿ ಸಣ್ಣದಾಗಿದೆ!

ಲೋಕವೂ ಹೊಸದು, ಕಂಬಳಿಯೂ ಹೊಸದು. ಹೊಸ ಕಂಬಳಿ ನೀರು ಕಂಡರೆ ಕುಗ್ಗುತ್ತದೆ ಅಂತ ಹೇಳಲು ಹಳಬರು ಯಾರೂ ಹುಟ್ಟಿರಲಿಲ್ಲ.

“ಯಾರೋ ಕತ್ತರಿಸಿ ಒಯ್ದಾರ,” ಅಂದಳು ಮಾಳವ್ವ, ಗಾಳಿಯ ಕಡೆ ನೋಡಿ.

“ನನ್ನ ಜೋಬು ನೋಡ್ರಿ ಬೇಕಾದ್ರ,” ಅಂತ ಗಾಳಿ ಸಿಟ್ಟಾಗಿ ಹೋಯಿತು.

“ಕಂಬಳಿ ಸಣ್ಣಾಗಿಲ್ಲ. ನೀನ ದಪ್ಪಾಗೀದಿ,” ಅಂದ ಅಮೋಗಿ. ಆ ಮಾತಿಗೆ ಅವನಿಗೆ ಆ ಸಂಜೆ ರೊಟ್ಟಿ ಸಿಗಲಿಲ್ಲ. ಹಸಿದ ಅಮೋಗಿ ಯೋಚಿಸಿ ಕೊನೆಗೆ, “ಮಳ್ಯಾಗ ನೆಂದು ಕುಗ್ಗಿರಬೇಕು,” ಅಂದ.

ದೊಡ್ಡಿಯೊಳಗಿನ ಕುರಿಗಳೆಲ್ಲ ನಕ್ಕವು. “ಹುಟ್ಟಿದಾಗಿಂದ ಮಳ್ಯಾಗ ನೆನೀಲಿಕ್ಕತ್ತೀವಿ. ನಾವೇನು ಕುಗ್ಗೀವೇನ್ರಿ?” ಇದಕ್ಕೆ ಅಮೋಗಿಯ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದ್ದರೆ ಹೋಗಿ ಹೇಳಿ, ಕುರಿಗಳು ಇನ್ನೂ ಕೇಳುತ್ತಿವೆ.

ಈಗ ಮಾಳವ್ವ ಮಲಗಿದಳು, ಅಮೋಗಿ ಮಲಗಿದ. ಉಳಿದ ಮೂಲೆ ಒಂದು ಕುಳ್ಳಿನಷ್ಟು. ಕೆಂಚ ಬಂದು ಧೊಪ್ಪನೆ ಬಿದ್ದ. ತಲೆ ಕಂಬಳಿಯ ಮೇಲೆ, ಮೈಯೆಲ್ಲ ಮಣ್ಣಿನಲ್ಲಿ.

“ಹಿಡಿಸಲಿಲ್ಲ,” ಅಂತ ಒಂದು ದನಿ ಕೇಳಿತು. ನೋಡಿದರೆ ದೊಡ್ಡಿಯ ಆಚೆ ತೋಳ! ಮಾತು ಕೇಳಿಸಿಕೊಳ್ಳಲೆಂದೇ ಕೂತಿತ್ತು. “ಕಂಬಳಿ ಮುಟ್ಟಿ ಹೇಳೀರಿ ಯಕ್ಕಾ. ಹಿಡಿಸದ್ದು ನಿಮ್ಮ ನಾಯಿ ಅಲ್ಲ. ಮಾತು ಅಂದ್ರ ಮಾತು. ಕಳಸಿಬಿಡ್ರಿ ಅವನ್ನ.”

ಅಮೋಗಿ ಕಾಲು ಕೆರೆದುಕೊಂಡ. “ತೋಳ ಹೇಳೂದು ಖರೆ ಐತಲೇ. ಮಾತು ತಪ್ಪಿದ್ರ ಮುಂದ ಯಾರು ನಮ್ಮನ್ನ ನಂಬ್ತಾರ?”

ಮಾಳವ್ವನ ಚುರುಕು ನಾಲಗೆ ಮೊದಲ ಸಲ ಸುಮ್ಮನಾಯಿತು. ಮಾತು ಉಳಿಸಿಕೊಂಡರೆ ಕರಿಕಿವಿ ಹೋಗುತ್ತದೆ. ಕರಿಕಿವಿ ಉಳಿಸಿಕೊಂಡರೆ ಮಾತು ಹೋಗುತ್ತದೆ. ಅವಳು ಕೆಂಚನ ಮುಖ ನೋಡಿದಳು. ಕೆಂಚ ಅವಳ ಮುಖ ನೋಡಿದ.

“ಯವ್ವಾ, ಒಂಚೂರು ತಡೀರಿ,” ಅಂದ. “ಇನ್ನೊಮ್ಮಿ ನೋಡ್ತೀನಿ. ಮಲಗೂ ದಿಕ್ಕು ತಪ್ಪಿರಬೇಕು.”

ಎದ್ದು ಆ ಮೂಲೆಯ ಮೇಲೆ ನಾಲ್ಕೂ ಪಾದ ಒತ್ತಟ್ಟಿಗೆ ಇಟ್ಟು ನಿಂತ. ಮೂಡಣಕ್ಕೆ ಮುಖ ಮಾಡಿದ, ಬಾಲ ಹೊರಗೆ. ತೆಂಕಣಕ್ಕೆ ತಿರುಗಿದ, ಹಿಂಗಾಲು ಹೊರಗೆ. ಪಡುವಣಕ್ಕೆ ತಿರುಗಿದ, ಮೂಗು ಹೊರಗೆ. ಹಾಗೇ ಸುತ್ತಿದ. ಸುತ್ತುತ್ತ ಸುತ್ತುತ್ತ ಬೆನ್ನು ಬಾಗಿತು, ಕಾಲು ಮಡಿಚಿಕೊಂಡವು, ಮೂಗು ಬಾಲದ ಹಿಂದೆ ಹೊರಟಿತು. ಕೆಂಚ ಒಂದೊಂದು ಸುತ್ತಿಗೂ ಒಂದೊಂದು ಬೆರಳು ಸಣ್ಣವನಾಗುತ್ತ ಬಂದ.

ಎಲ್ಲರೂ ಬಾಯಿಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ತೋಳ ನೋಡುತ್ತಿರಲಿಲ್ಲ. ಇದೇ ಸರಿಯಾದ ಹೊತ್ತು ಅಂತ ಗುಡಿಸಲಿನ ಹಿಂದಿನಿಂದ ಬಳಸಿ, ದೊಡ್ಡಿಯ ಬೇಲಿಯಲ್ಲಿ ಮೂಗು ತೂರಿಸಿ, ಕರಿಕಿವಿಯ ಕಪ್ಪು ಕಿವಿಗೆ ಬಾಯಿ ತೆರೆದಿತ್ತು.

ಸುಮ್ಮನೆ ಬಿದ್ದುಕೊಂಡ ನಾಯಿಗೆ ಎದುರಿನದಷ್ಟೇ ಕಾಣುತ್ತದೆ. ಸುತ್ತುವ ನಾಯಿಗೆ ಸುತ್ತಲಿನದೆಲ್ಲ ಕಾಣುತ್ತದೆ. ಬಡಗಣಕ್ಕೆ ತಿರುಗಿದ ಕೆಂಚನ ಕಣ್ಣಿಗೆ ತೋಳದ ಹಿಂಭಾಗ ಬಿತ್ತು.

ಆಮೇಲೆ ಏನಾಯಿತು ಅನ್ನುವುದನ್ನು ತೋಳ ಇವತ್ತಿಗೂ ಯಾರಿಗೂ ಹೇಳಿಲ್ಲ. ಕೆಂಚನ ಬಾಯಲ್ಲಿ ಬೂದು ಕೂದಲು ಇದ್ದದ್ದು ನಿಜ. ತೋಳ ಹಳ್ಳ ದಾಟಿದ್ದು ನಿಜ. ಅದು ಓಡಿ ಬಂದ ರಭಸಕ್ಕೆ ಹಳ್ಳ ಹೆದರಿ, ಅವತ್ತಿನಿಂದ ಒಂದೇ ಕಡೆಗೆ ಹರಿಯುತ್ತಿರುವುದೂ ನಿಜ.

ಕೆಂಚ ಏದುಸಿರು ಬಿಡುತ್ತ ವಾಪಸು ಬಂದ. ಎಲ್ಲಿಗೆ ಬಿಟ್ಟಿದ್ದನೋ ಅಲ್ಲಿಂದಲೇ ಸುತ್ತು ಮುಂದುವರಿಸಿದ. ಕೊನೆಗೆ ಮೂಗನ್ನು ಬಾಲದ ಕೆಳಗೆ ಸಿಕ್ಕಿಸಿ, ಉಂಡೆಯಾಗಿ, ಮೂಲೆಯ ನಡುವೆ ಇಳಿದ. ಪೂರ್ತಿ ಹಿಡಿಸಿದ್ದ! ಅಷ್ಟೇ ಅಲ್ಲ, ಅವನ ಹೊಟ್ಟೆಯ ಹತ್ತಿರ ಒಂದು ಗೂಡಿನಷ್ಟು ಜಾಗ ಮಿಕ್ಕಿತ್ತು. ನಡುಗುತ್ತಿದ್ದ ಕರಿಕಿವಿ ಬಂದು ಅದರಲ್ಲಿ ಮಲಗಿತು.

“ನೋಡ್ರೀ,” ಅಂದಳು ಮಾಳವ್ವ ಗಂಡನಿಗೆ. ನಾಲಗೆ ಮರಳಿ ಬಂದಿತ್ತು. “ನನ್ನ ಅಳತಿ ತಪ್ಪಿಲ್ಲ. ನನ್ನ ಮಾತೂ ತಪ್ಪಿಲ್ಲ. ನಿಮ್ಮ ಕಂಬಳಿ ತಪ್ಪಿದ್ದು.”

“ನನ್ನ ಕಾಲು ಹೊರಗೈತೆಲ್ಲಲೇ?”

“ನಿಮ್ಮನ್ನ ಅಳತಿ ನೋಡಿ ತಗೊಂಡಿಲ್ಲ. ಸುಮ್ಮನ ಮಲಗ್ರಿ.”

ಆಮೇಲೆ ಅವಳು ಹೊರಗೆ ಬಂದು, ಹಳ್ಳದ ಆ ದಂಡೆಯಲ್ಲಿ ಕಾಲು ನೆಕ್ಕಿಕೊಳ್ಳುತ್ತಿದ್ದ ತೋಳಕ್ಕೆ ಕೇಳುವಂತೆ, ಈ ಸಲ ತಾನೇ ಮೊದಲು ಕೂಗಿದಳು:

“ಏನಪಾ, ಊಟ ಆತೇನು?”

ತೋಳ ಉತ್ತರ ಕೊಡಲಿಲ್ಲ. ಮರ್ಯಾದೆ ಬಿಟ್ಟಿತು. ಅವತ್ತಿನಿಂದ ಅದು ಕೇಳಿ ಬರುವುದಿಲ್ಲ, ಕದ್ದೇ ಬರುತ್ತದೆ.

ಗುಡ್ಡಯ್ಯನ ಮೊಮ್ಮಕ್ಕಳು ಈಗ ಕಬ್ಬಿಣದ ಗೇಟಿನ ಹಿಂದೆ ಇದ್ದಾರೆ, ಸಾಸಿವ್ಯಾನ ಮೊಮ್ಮಕ್ಕಳು ಯಾರದೋ ತೊಡೆಯ ಮೇಲೆ ಕೂತು ಲೋಕಕ್ಕೆಲ್ಲ ಬೈಯುತ್ತಿದ್ದಾರೆ. ಹಳ್ಳಿಯ ನಾಯಿ ಮಾತ್ರ ಅವತ್ತಿನಷ್ಟೇ ಇದೆ: ದೊಡ್ಡದಲ್ಲ, ಸಣ್ಣದಲ್ಲ, ಕಂಬಳಿಯ ಮೂಲೆಯಷ್ಟು. ಬೇಕಾದರೆ ಇವತ್ತು ಸಂಜೆ ನಿಮ್ಮ ಅಂಗಳದ ನಾಯಿ ಮಲಗುವುದನ್ನು ನೋಡಿ. ಊರಗಲ ಜಾಗ ಖಾಲಿ ಇದ್ದರೂ, ಕೆಳಗೆ ಬರೀ ಮಣ್ಣೇ ಇದ್ದರೂ, ಅದು ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೂ ಒಂದು ಸುತ್ತು ತಿರುಗಿ, ತೋಳ ಎಲ್ಲೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಮಾಳವ್ವನ ಆ ಕುಗ್ಗಿದ ಮೂಲೆಗೆ ಹಿಡಿಸುವಷ್ಟು ಉಂಡೆಯಾಗಿಯೇ ಮಲಗುತ್ತದೆ.